ತಮ್ಮನ ಲೈಫ್ ಜಾಕೆಟ್

ನನ್ನ ತಮ್ಮ ಗೊರೂರಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ ಎಂಬುದು ನಮ್ಮ ಮನೆಗೆ ಬೇರೆಯವರ ಬಾಯಿಂದ ತಿಳಿಯಿತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ, ಮೊಟ್ಟೆಯೂ ಹೊಸಿಲು ದಾಟುತ್ತಿರಲಿಲ್ಲ. ಅವನು ಅರಕಲಗೂಡಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹಿಡಿದ ಮೀನನ್ನು ಅವನೂ ತಿನ್ನುತ್ತಿರಲಿಲ್ಲ. ದಡದಲ್ಲಿದ್ದವರಿಗೆ ಕೊಟ್ಟು, ಕೈ ತೊಳೆದುಕೊಂಡು ಬಸ್ಸು ಹತ್ತುತ್ತಿದ್ದ. ಅಪ್ಪ ಎರಡು ತಿಂಗಳು ಅವನ ಜೊತೆ ಮಾತು ಬಿಟ್ಟರು.

ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಮಗುವೂ ಉಳಿಯಲಿಲ್ಲ. ಯಾಕೋ ಇದೆಲ್ಲ ಎಂದು ನಾನೊಮ್ಮೆ ಕೇಳಿದಾಗ, "ನೀರಿನ ಮುಂದೆ ಕೂತಿದ್ರೆ ತಲೆಯೊಳಗಿನ ಸದ್ದು ನಿಲ್ತದೆ ಅಕ್ಕ," ಅಂದ. ಆಮೇಲೆ ನಾನು ಕೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವನ ಕಾಲೇಜಿನ ಗೆಳೆಯನೊಬ್ಬ ಒಂದು ಕಯಾಕ್ ತಂದುಕೊಟ್ಟ. ಒಬ್ಬರೇ ಕೂತು ಹುಟ್ಟು ಹಾಕುವ ಉದ್ದನೆಯ ಪ್ಲಾಸ್ಟಿಕ್ ದೋಣಿ ಅದು. ತಮ್ಮನಿಗೆ ಈಜು ಅಷ್ಟಕ್ಕಷ್ಟೆ. ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿದರೆ ನಾನೂ ಮಾತು ಬಿಡುತ್ತೇನೆ ಎಂದು ಹೆದರಿಸಿದೆ. ಅವನು ಬೆಂಗಳೂರಿಗೆ ಹೋಗಿ ಒಂದನ್ನು ತಂದ. ಕಡುಹಸಿರು ಬಣ್ಣ, ದೊಡ್ಡ ಅಳತೆ. ಮೀನು ಬೆದರಬಾರದೆಂದು ಹಸಿರು, ದೊಡ್ಡದಾದಷ್ಟೂ ಒಳ್ಳೆಯದೆಂದು ಆ ಅಳತೆ.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ಹೊಲಿಗೆ ಅಂಗಡಿ. ಅಳತೆಯ ವಿಚಾರದಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ. ಅವನಿಗೆ ಅದನ್ನು ತೊಡಿಸಿ, ಬಕಲ್ ಹಾಕಿಸಿ, ಹೆಗಲಿನ ಪಟ್ಟಿ ಹಿಡಿದು ಮೇಲಕ್ಕೆತ್ತಿದೆ. ಜಾಕೆಟ್ಟು ಕಿವಿಯವರೆಗೂ ಬಂತು. ನೀರಿನಲ್ಲೂ ಹೀಗೇ ಮೇಲೆದ್ದು ಮೂಗು ಬಾಯಿ ಮುಚ್ಚಿದರೆ ಏನು ಮಾಡ್ತೀಯ ಎಂದು ಬೈದು, ವಾಪಸು ಕಳಿಸಿದೆ. ಎರಡನೇ ಸಲ ಎದೆಯ ಸುತ್ತಳತೆ ಬರೆದುಕೊಂಡು ಹೋದ. ತೋಳು ಆಡಿಸಲು ಕಂಕುಳ ಹತ್ತಿರ ಅಗಲವಿದ್ದ, ದೂರದಿಂದಲೂ ಕಣ್ಣಿಗೆ ಬೀಳುವ ಕಿತ್ತಳೆ ಬಣ್ಣದ್ದನ್ನು ತಂದ.

ಒಳಗಿನ ಫೋಮಿಗೆ ಸೂಜಿ ತಾಗದಂತೆ ಹೊರಬಟ್ಟೆಯನ್ನಷ್ಟೇ ಬಿಚ್ಚಿ ನಾನು ಕೆಲಸ ಮಾಡಿದೆ. ಎದೆಯ ಮೇಲೆ ನಾಲ್ಕು ಜೇಬು ಬೇಕೆಂದ, ನಾನು ಒಪ್ಪಲಿಲ್ಲ. ಮುಂದುಗಡೆ ಉಬ್ಬಿದ್ದರೆ ನೀರಿಂದ ದೋಣಿಗೆ ಹತ್ತಲು ಅಡ್ಡವಾಗುತ್ತದೆ. ಪಕ್ಕದಲ್ಲಿ ಒಂದೇ ಚಪ್ಪಟೆ ಜೇಬು ಹಚ್ಚಿದೆ. ಗಾಳದ ದಾರ ಮೈಗೆ ಸುತ್ತಿಕೊಂಡರೆ ಕೊಯ್ಯಲೆಂದು ಹೆಗಲಿನ ಪಟ್ಟಿಗೆ ಸಣ್ಣ ಚಾಕುವಿನ ಒರೆ ಹೊಲಿದೆ. ಪಿ.ಟಿ. ಮೇಷ್ಟ್ರು ಊದುವಂಥ ಒಂದು ಸೀಟಿಯನ್ನು ನೀರಿಗೆ ಅದ್ದಿ, ಊದಿ ನೋಡಿ, ಬಾಯಿಗೆ ಎಟಕುವಷ್ಟು ದಾರದಲ್ಲಿ ಕಟ್ಟಿದೆ. ಪಕ್ಕದ ಪಟ್ಟಿಗಳು ಸಡಿಲವಾಗದಂತೆ ತುದಿ ಮಡಿಸಿ ಗಟ್ಟಿಯಾಗಿ ಹೊಲಿದುಬಿಟ್ಟೆ.

ಜಾಕೆಟ್ಟಿನ ಪರೀಕ್ಷೆಗೆಂದು ಒಂದು ಭಾನುವಾರ ನಾನೂ ಗೊರೂರಿಗೆ ಹೋದೆ. ತಮ್ಮ ಕೊಡುತ್ತಿದ್ದ ಮೀನನ್ನು ಹೆಚ್ಚಾಗಿ ಮನೆಗೆ ಒಯ್ಯುತ್ತಿದ್ದ ಮುದುಕರೊಬ್ಬರು ಅಲ್ಲಿದ್ದರು. ದುಂಡನೆಯ ತೆಪ್ಪದಲ್ಲಿ ಬಲೆ ಬಿಟ್ಟು ಬದುಕುತ್ತಿದ್ದವರು. ಗಾಳಿ ಯಾವ ಕಡೆಯಿಂದ ಏಳುತ್ತದೆ, ಮುಳುಗಿದ ಮರಗಳು ಎಲ್ಲಿವೆ ಎಂದು ತಮ್ಮನಿಗೆ ತೋರಿಸಿಕೊಟ್ಟವರು ಅವರೇ. ಎದೆಮಟ್ಟ ನೀರಿನಲ್ಲಿ ತಮ್ಮ ಕಾಲೆತ್ತಿ ತೇಲುವುದನ್ನು ನೋಡಿ ನಗುತ್ತಿದ್ದರು. ನಿಮಗೂ ಒಂದು ತರಿಸೋಣವೇ ಎಂದು ಕೇಳಿದೆ.

"ನಂಗ್ಯಾಕವ್ವ, ಸೆಕೆ ಆಯ್ತದೆ. ಬಲೆ ಎಳ್ಯಕ್ಕೆ ತ್ವಾಳು ಆಡಾಕಿಲ್ಲ," ಅಂದರು.

ಆದರೂ ಟೇಪು ತೆಗೆದು ಅವರ ಎದೆ ಅಳೆದೆ. ತಿರುಗಾ ಬೆಂಗಳೂರಿಗೆ ಹೋದಾಗ ತರುತ್ತೇನೆಂದು ತಮ್ಮ ಹೇಳಿದ. ಆ ಬೇಸಿಗೆ ನನಗೆ ಮದುವೆ ಬಟ್ಟೆಗಳ ರಾಶಿ. ಅವನಿಗೆ ಪರೀಕ್ಷೆಯ ಪೇಪರುಗಳು. ಇಬ್ಬರೂ ಮರೆತೆವು.

ಆಷಾಢದ ಒಂದು ಭಾನುವಾರ ಕಯಾಕ್ ಮಗುಚಿತು. ಗಾಳಿ ಜೋರಾಗಿತ್ತು, ಹೊಸ ನೀರು ಬಂದು ಹಿನ್ನೀರೆಲ್ಲ ಕೆಂಪಾಗಿತ್ತು. ದೋಣಿ ಅವನ ಕೈಗೆ ಸಿಗದೆ ಗಾಳಿಯ ಜೊತೆ ಹೊರಟುಹೋಯಿತು. ಜಾಕೆಟ್ಟು ಅವನ ತಲೆಯನ್ನು ನೀರಿನ ಮೇಲೆ ಹಿಡಿದಿತ್ತು. ಅವನು ಸೀಟಿ ಊದಿದ. ಊದುತ್ತಲೇ ಇದ್ದ. ದಡದಲ್ಲಿ ಬಲೆ ಎತ್ತಿ ತೆಪ್ಪಕ್ಕೆ ಹಾಕಿಕೊಳ್ಳುತ್ತಿದ್ದ ಆ ಮುದುಕರಿಗೆ ಅದು ಕೇಳಿಸಿತು. ಗಾಳಿ ತಗ್ಗಲಿ, ಇನ್ನೊಂದು ತೆಪ್ಪ ಬರಲಿ ಎಂದು ಅಲ್ಲಿದ್ದವರು ತಡೆದರಂತೆ. ಮುದುಕರು ನಿಲ್ಲಲಿಲ್ಲ.

ತೆಪ್ಪ ಹತ್ತಿರ ಬಂದ ಕೂಡಲೇ ತಮ್ಮ ಗಾಬರಿಯಲ್ಲಿ ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ತೆಪ್ಪ ಬೋರಲಾಯಿತು. ಒಳಗಿದ್ದ ಬಲೆ ಮುದುಕರ ಕಾಲಿಗೆ ಸುತ್ತಿಕೊಂಡಿತು. ಒಂದು ಸಲ ಮೇಲೆ ಬಂದರು, ಇನ್ನೊಂದು ಸಲ ಬಂದರು, ಆಮೇಲೆ ಬರಲಿಲ್ಲ. ಬೇರೆ ತೆಪ್ಪದವರು ಬಂದು ತಮ್ಮನನ್ನು ಎಳೆದುಕೊಂಡರು. ಮುದುಕರ ದೇಹ ಸಿಕ್ಕಿದ್ದು ಸಂಜೆಗೆ.

ಅವನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಮೂರನೆಯ ದಿನ ನಾನು ಕಾಫಿ ಆರಿಸಿ ಕೊಡುತ್ತಿದ್ದಾಗ, ಲೋಟ ತೆಗೆದುಕೊಳ್ಳದೆ ಹೇಳಿದ.

"ಚಾಕು ನನ್ನತ್ರ ಇತ್ತು ಅಕ್ಕ. ಬಲೆ ಕೊಯ್ಯಾಣ ಅಂತ ಮುಳುಗಕ್ಕೆ ನೋಡ್ದೆ. ಜಾಕೆಟ್ ಬಿಡ್ನಿಲ್ಲ. ಎಷ್ಟ್ ಸಲ ಹೋದ್ರೂ ಮೇಲಕ್ಕೇ ತಂತು. ಬಿಚ್ಚಾಕಾಣ ಅಂದ್ರೆ ಕೈ ಮರಗಟ್ಟಿತ್ತು, ಪಟ್ಟಿ ಬಿಗಿಯಾಗಿತ್ತು."

ಬಿಚ್ಚಿದ್ದರೆ ನೀನೂ ಇರುತ್ತಿರಲಿಲ್ಲ ಎಂದೆ. ಅದು ನಿಜವೇ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಲೋಟ ಹಿಡಿದುಕೊಂಡೇ ಕೂತಿದ್ದೆ. ಆ ಪಟ್ಟಿಗೆ ಎರಡು ಸಾಲು ಹೊಲಿಗೆ ಹಾಕಿದ್ದು ನಾನು. ಅದರಿಂದಲೇ ನನ್ನ ತಮ್ಮ ಉಳಿದ. ಆ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮುದುಕರ ತಿಥಿಯ ದಿನ ಅಪ್ಪ, ನಾನು ಗೊರೂರಿಗೆ ಹೋದೆವು. ಮೀನಿನ ವಾಸನೆಗೆ ಮೂಗು ಮುಚ್ಚುತ್ತಿದ್ದ ಅಪ್ಪ, ಬಲೆ ಒಣಹಾಕಿದ್ದ ಅವರ ಮನೆಯ ಜಗುಲಿಯ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದರು. ಮುದುಕರ ಹೆಂಡತಿ ನಮ್ಮನ್ನು ಬೈಯಲಿಲ್ಲ. "ಯಾರ್ ಕೂಗುದ್ರೂ ಓಯ್ತಿದ್ರು ಕಣವ್ವ. ಅಂಗೇ ಇದ್ದುದ್ದು ಅವ್ರು," ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮರುವರ್ಷ ನಾಲ್ಕು ಜಾಕೆಟ್ ತರಿಸಿ, ಒಂದೇ ಕೈಯಲ್ಲಿ ಬಿಚ್ಚುವಂಥ ಬಕಲ್ ಇದೆಯೇ ಎಂದು ನೋಡಿ, ಅಲ್ಲಿನ ತೆಪ್ಪದವರಿಗೆ ಅಳತೆಗೆ ಸರಿಮಾಡಿ ಕೊಟ್ಟೆ. ಕೆಲವು ವಾರ ಹಾಕಿಕೊಂಡರು. ಬೇಸಿಗೆಯಲ್ಲಿ ಹೋದಾಗ ಇಬ್ಬರು ಅದನ್ನೇ ತಲೆದಿಂಬು ಮಾಡಿಕೊಂಡು ಮರದ ಕೆಳಗೆ ಮಲಗಿದ್ದರು. ಒಬ್ಬ ಮಾತ್ರ ತೊಟ್ಟುಕೊಂಡು ನೀರಿನಲ್ಲಿದ್ದ.

ತಮ್ಮ ಕಯಾಕನ್ನು ಗೆಳೆಯನಿಗೆ ಹಿಂದಿರುಗಿಸಿ, ಚನ್ನರಾಯಪಟ್ಟಣದ ಕಡೆ ಬಾಗೂರಿಗೆ ವರ್ಗ ಮಾಡಿಸಿಕೊಂಡ. ಮತ್ತೆ ಮದುವೆಯಾಗಲಿಲ್ಲ. ನಾನು ಗೊರೂರಿಗೆ ಹೋದಾಗಲೆಲ್ಲ ಮುದುಕರ ಹೆಂಡತಿ, ಆ ಅಜ್ಜಿ, ಅವನನ್ನು ವಿಚಾರಿಸುತ್ತಿದ್ದರು. "ಮೇಷ್ಟ್ರು ಬರೋದೇ ಬುಟ್ರು. ನಂಗೇನೂ ಕ್ವಾಪ ಇಲ್ಲ ಅಂತ ಏಳವ್ವ."

ಹೇಳಿದೆ. ಒಂದು ದಿನ ಅವನು ಹಣ್ಣು ತೆಗೆದುಕೊಂಡು ಹೊರಟೂ ಹೊರಟ. ಗೊರೂರಿನಲ್ಲಿ ಬಸ್ಸಿಂದ ಇಳಿದು, ಅರ್ಧ ಗಂಟೆ ಅಲ್ಲೇ ನಿಂತಿದ್ದು, ಹಾಸನಕ್ಕೆ ತಿರುಗುವ ಬಸ್ಸು ಹತ್ತಿ ವಾಪಸು ಬಂದ. ತಮ್ಮ ಬರುತ್ತಾನೆಂದು ನಾನು ಮೊದಲೇ ಹೇಳಿಕಳಿಸಿದ್ದರಿಂದ ಆ ಅಜ್ಜಿ ಅನ್ನ, ಸೊಪ್ಪಿನ ಸಾರು ಮಾಡಿಟ್ಟು ಕಾದಿದ್ದರಂತೆ.