ಅಪ್ಪನಿಗೆ ಮುಟ್ಟಿಸದ ಮಾತು

ಪುಣೆಯ ಕ್ಯಾಂಪಿನಲ್ಲಿ ಕ್ರೈಸ್ತ ಸಿಸ್ಟರ್‌ಗಳು ನಡೆಸುತ್ತಿದ್ದ ಹುಡುಗಿಯರ ಜೂನಿಯರ್ ಕಾಲೇಜಿನಲ್ಲಿ ನಾನು ಹದಿನಾರು ವರ್ಷ ಆಯಾ ಆಗಿದ್ದೆ. ಹನ್ನೊಂದು ಮತ್ತು ಹನ್ನೆರಡನೇ ಇಯತ್ತೆ, ಎರಡೇ ವರ್ಷದ ಓದು. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಹುಷಾರಿಲ್ಲದ ಹುಡುಗಿಯನ್ನು ಮನೆ ಮುಟ್ಟಿಸುವುದು ನನ್ನ ಕೆಲಸ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅದಕ್ಕಿಂತ ದೊಡ್ಡದನ್ನು ಯಾರು ಕೊಡುತ್ತಾರೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಇನ್ನೊಂದು ಕೆಲಸ ಸೇರಿತು. ನನಗೆ ಸೊಕ್ಕು ಬಂದದ್ದು ಅದರಿಂದಲೇ.

ಮೆಟ್ಟಿಲ ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬ ವಯಸ್ಸಾದ ಸಿಸ್ಟರ್ ಕೂರುತ್ತಿದ್ದರು. ಕೇರಳದವರು. ಅವರು ಪಾಠ ಹೇಳುತ್ತಿರಲಿಲ್ಲ. ಹುಡುಗಿಯರ ತಾಪತ್ರಯ ಕೇಳುವುದೇ ಅವರ ಕೆಲಸ. ಪುಸ್ತಕ ಇಲ್ಲದವರಿಗೆ ಹಳೆಯ ಪುಸ್ತಕ, ಡಬ್ಬಿ ತರದವರಿಗೆ ಅಡುಗೆಮನೆಯಿಂದ ಒಂದು ತಟ್ಟೆ ಅನ್ನ ಕೊಡಿಸುತ್ತಿದ್ದರು. ಅಳುವವರು ಬಂದರೆ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದರು. ಮನೆಯವರನ್ನು ಕರೆಸಿ ಮಾತಾಡುವಾಗ ಮಾತ್ರ ಹುಡುಗಿಯನ್ನು ಒಳಗೆ ಬಿಡುತ್ತಿರಲಿಲ್ಲ. ಮಗಳ ಎದುರಿಗೆ ಹೆತ್ತವರು ತಲೆ ತಗ್ಗಿಸುವಂತಾಗಬಾರದು ಎನ್ನುತ್ತಿದ್ದರು. ಸೇಡಂ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ಅವರ ಮರಾಠಿ ತಿಳಿಯುತ್ತಿರಲಿಲ್ಲ. ಆಗ ನನ್ನನ್ನು ಕರೆಯುತ್ತಿದ್ದರು. ನಾನೂ ಅದೇ ಕಡೆಯವಳು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ನಾನು ಮುಟ್ಟಿಸಬೇಕು.

ಹಡಪಸರದಿಂದ ಒಬ್ಬ ಹುಡುಗಿ ಬರುತ್ತಿದ್ದಳು. ತಾಯಿ ಇರಲಿಲ್ಲ. ಸೋಲಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು, ಮರಾಠಿ ಶಾಲೆಯಲ್ಲಿ ಹತ್ತನೆಯದನ್ನು ಪಾಸು ಮಾಡಿ ಅಪ್ಪನ ಹತ್ತಿರ ಬಂದವಳು. ಅಪ್ಪ ಗೌಂಡಿ. ಕಟ್ಟುತ್ತಿದ್ದ ಕಟ್ಟಡದ ಮಗ್ಗುಲಲ್ಲೇ ತಗಡಿನ ಶೆಡ್ಡು, ಅದರಲ್ಲೇ ವಾಸ. ಉಳಿದ ಹುಡುಗಿಯರಿಗೆಲ್ಲ ನಾನು ಮರಾಠಿಯ ಮಾವಶಿ. ಇವಳೊಬ್ಬಳು ಮಾತ್ರ ನಮ್ಮ ಮಾತಿನಲ್ಲಿ ಚಿಗವ್ವ ಎನ್ನುತ್ತಿದ್ದಳು.

“ಚಿಗವ್ವ, ಇವತ್ತು ಗಂಟಿ ಎರಡು ನಿಮಿಷ ಲಗೂ ಹೊಡದ್ರಿ.”

“ಯಾಕ, ಗಣಿತ ಇನ್ನಷ್ಟು ಬೇಕಾಗಿತ್ತೇನ ನಿನಗ?”

“ಹೌದ್ರಿ. ನಿಮಗ ಹಸಿವಾತಂತ ನಮ್ಮ ಲೆಕ್ಕ ಅರ್ಧಾಕ್ಕ ನಿಂತದ.”

ಅಂಥ ಬಾಯಿ. ನನಗೆ ಇಷ್ಟವೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಹನ್ನೆರಡನೇ ಇಯತ್ತೆಯ ದೀಪಾವಳಿ ಮುಗಿದ ಮೇಲೆ ಅವಳು ಕಾಲೇಜು ತಪ್ಪಿಸತೊಡಗಿದಳು. ಊರಲ್ಲಿದ್ದ ಸೋದರಮಾವನಿಗೆ ಕೊಡುವ ಮಾತು ನಡೆದಿದೆ ಎಂದು ಗೆಳತಿಯರು ಹೇಳಿದರು. ಸಿಸ್ಟರ್ ಅಪ್ಪನನ್ನು ಕರೆಸಿದರು. ಶನಿವಾರ ಮಧ್ಯಾಹ್ನ ಅವನು ಬಂದ. ಕೈಕಾಲಿಗೆಲ್ಲ ಸಿಮೆಂಟು ಹತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು, ಹೊಲಸಾದೀತೆಂದು ಕುರ್ಚಿಯ ತುದಿಗೆ ಕೂತ. ಸಿಸ್ಟರ್ ಅವನಿಗೆ ಬಸಿಯ ಮೇಲೆ ಕಪ್ಪಿಟ್ಟು ಚಹಾ ಕೊಟ್ಟರು. ಮಗಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಸಿಸ್ಟರ್ ಬಹಳ ಹೊತ್ತು ಮಾತಾಡಿದರು. ಹಾಸ್ಟೆಲಿನಲ್ಲಿ ಒಂದು ಮಂಚ ಖಾಲಿ ಇದೆ, ಪರೀಕ್ಷೆ ಮುಗಿಯುವವರೆಗೆ ಹುಡುಗಿ ಇಲ್ಲೇ ಇರಲಿ, ಅವನು ಏನೂ ಕೊಡಬೇಕಾಗಿಲ್ಲ, ಭಾನುವಾರ ಮನೆಗೆ ಬರುತ್ತಾಳೆ, ಅವಳ ದೇವರನ್ನು ಯಾರೂ ಬದಲಿಸುವುದಿಲ್ಲ, ಮದುವೆ ಅಲ್ಲಿಯವರೆಗೆ ನಿಲ್ಲಲಿ. ಹುಡುಗಿಗೆ ಇನ್ನೂ ಹೇಳಿಲ್ಲ, ಅಪ್ಪ ಒಪ್ಪಿದರೆ ಮಾತ್ರ ಹೇಳುತ್ತೇನೆ. ಸುಮ್ಮನೆ ಆಸೆ ಹುಟ್ಟಿಸಬಾರದು. ಇಷ್ಟನ್ನು ನಾನು ಅವನಿಗೆ ಹೇಳಬೇಕಿತ್ತು.

ನನ್ನ ಮಗಳೂ ಅದೇ ವಯಸ್ಸಿನವಳು. ಏಳನೆಯದಕ್ಕೆ ಶಾಲೆ ಬಿಡಿಸಿ ಶಿರೂರಿಗೆ ಮದುವೆ ಮಾಡಿ ಕೊಟ್ಟಿದ್ದೆ. ಆಗ ನನ್ನನ್ನು ಯಾರೂ ಕರೆದು ಕುರ್ಚಿಯ ಮೇಲೆ ಕೂರಿಸಲಿಲ್ಲ, ಕಪ್ಪಿನಲ್ಲಿ ಚಹಾ ಕೊಡಲಿಲ್ಲ. ಹಾಸ್ಟೆಲಿಗೆ ಹೋದರೆ ಹುಡುಗಿ ಕೆಟ್ಟಾಳು ಎಂಬ ಭಯ ನನಗಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನಗೆ ಹೊಟ್ಟೆ ಉರಿಯಿತು, ಅಷ್ಟೇ.

“ನಿಮ್ಮ ಹುಡುಗಿ ಶಾಣ್ಯಾಕಿ ಅದಾಳ ಅಂತಾರ್ರಿ,” ಎಂದೆ. “ಆದ್ರ ಕಾಲೇಜು ಭಾಳ ತಪ್ಪಸ್ತಾಳಂತ. ಹಿಂಗಾದ್ರ ಪರೀಕ್ಷಾಕ್ಕ ಕೂಡಸೂದು ಕಷ್ಟ ಅಂತ. ಮುಂದಿಂದು ನೀವ ನೋಡ್ರಿ.”

ಅವನು ಸಿಸ್ಟರ್ ಮುಖ ನೋಡಿದ, ನನ್ನ ಮುಖ ನೋಡಿದ. “ಅವ್ವಾರು ಭಾಳ ಹೊತ್ತು ಮಾತಾಡಿದ್ರಲ್ಲ. ಮತ್ತೇನಂದ್ರು ಯಕ್ಕಾ?”

“ಅದನ್ನ ತಿರುಗಿ ತಿರುಗಿ ಅಂದ್ರು.”

ಅವನು ಚಹಾದ ಕಡೆ ನೋಡುತ್ತಾ ಹೇಳಿದ: “ಎಲ್ಲೆರೆ ಆಕಿ ಇರಾಕ ಒಂದು ಜಾಗಾ ಇದ್ದಿದ್ರ ಓದಾಕ ಬಿಡತಿದ್ನಿ. ಬಾಗಲಾ ಇಲ್ಲದ ಶೆಡ್ಡಿನ್ಯಾಗ ವಯಸ್ಸಿಗೆ ಬಂದ ಹುಡುಗಿನ ಎಷ್ಟ ದಿನ ಇಟಗೊಳ್ಳಿ, ಹೇಳ್ರಿ.”

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಅವನು ಕೇಳಿದ್ದೂ ಸಿಸ್ಟರ್ ಕೊಡುತ್ತಿದ್ದದ್ದೂ ಒಂದೇ ಜಾಗ, ನಡುವೆ ಇದ್ದವಳು ನಾನೊಬ್ಬಳೇ.

“ಏನಂತೆ?” ಎಂದರು ಸಿಸ್ಟರ್.

“ಹಾಸ್ಟೆಲ್ ಬೇಡವಂತೆ. ಮದುವೆ ಗಟ್ಟಿಯಾಗಿದೆಯಂತೆ,” ಎಂದೆ ಮರಾಠಿಯಲ್ಲಿ.

“ಇನ್ನೊಂದು ಸಲ ಕೇಳು.”

ನಾನು ಅವನ ಕಡೆ ತಿರುಗಿ, “ಕುಡ್ಯಾಕ ಇನ್ನಷ್ಟು ಬೇಕೇನ್ರಿ?” ಎಂದೆ. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಸಿಸ್ಟರ್ ಅದನ್ನೇ ಉತ್ತರವೆಂದು ತಿಳಿದು ಎದ್ದರು. ಬಾಗಿಲ ತನಕ ಬಂದು ಅವನಿಗೆ ಕೈ ಮುಗಿದರು.

ಮಾಘದಲ್ಲಿ ಮದುವೆ ಆಯಿತು. ಅದಾಗಿ ಸ್ವಲ್ಪ ದಿನಕ್ಕೆ ಹುಡುಗಿ ಪುಸ್ತಕ ಮರಳಿಸಲು ಬಂದಳು. ಕೊರಳಲ್ಲಿ ತಾಳಿ, ಕೈ ತುಂಬ ಹಸಿರು ಬಳೆ. ಒಂದೊಂದು ಪುಸ್ತಕಕ್ಕೂ ಹೊಸದಾಗಿ ಪೇಪರಿನ ಹೊದಿಕೆ ಹಾಕಿದ್ದಳು. ಸಿಸ್ಟರ್ ಮೆಟ್ಟಿಲ ಹತ್ತಿರ ಸಿಕ್ಕರು. “ನಿಮ್ಮಪ್ಪ ಹಾಸ್ಟೆಲಿಗೆ ಒಪ್ಪಿದ್ದರೆ ನೀನೀಗ ಪರೀಕ್ಷೆಗೆ ಓದುತ್ತಿದ್ದೆ,” ಎಂದರು.

ಹುಡುಗಿ ನನ್ನನ್ನು ನೋಡಿದಳು. ನನ್ನ ಕೈಯಲ್ಲಿ ಗಂಟೆ ಹೊಡೆಯುವ ಸುತ್ತಿಗೆ ಇತ್ತು.

“ಹೌದು ಸಿಸ್ಟರ್,” ಎಂದಳು. “ನಮ್ಮಪ್ಪ ಹಳೇ ಕಾಲದವರು.”

ಗೇಟಿನವರೆಗೆ ನಾನು ಅವಳ ಹಿಂದೆ ಹೋದೆ.

“ಅವತ್ತು ನಡುವ ನಿಂತು ಹೇಳಿದಾಕಿ ನೀವ ಅಲ್ರಿ, ಮಾವಶಿ?”

“ಹೂಂ.”

“ಅಪ್ಪಗ ಹೇಳಬ್ಯಾಡ್ರಿ. ನಿನಗ ಇಲ್ಲೆ ಒಂದು ಜಾಗಾ ಸಿಗಲಿಲ್ಲಲ್ಲ ಅಂತ ಮದವಿ ದಿನಾನೂ ಅತ್ತಾನ.” ಸೆರಗು ಸರಿಮಾಡಿಕೊಂಡಳು. “ಸಿಸ್ಟರ್‌ಗೂ ಬ್ಯಾಡ. ನಿಮ್ಮ ಕೆಲಸಾ ಹೋಗ್ತದ.”

ನಾನು ಯಾರಿಗೂ ಹೇಳಲಿಲ್ಲ. ಕೆಲಸ ಉಳಿಯಿತು. ಆಮೇಲೆ ಎಷ್ಟೋ ಅಪ್ಪಂದಿರು ಆ ಕುರ್ಚಿಯ ಮೇಲೆ ಕೂತರು. ಒಂದು ಮಾತೂ ಬಿಡದೆ ಹೇಳಿದೆ. “ನಾನು ಇಷ್ಟುದ್ದ ಎಲ್ಲಿ ಮಾತಾಡಿದೆ?” ಎಂದು ಸಿಸ್ಟರ್ ನಗುತ್ತಿದ್ದರು. ಕೆಲವು ಹುಡುಗಿಯರು ಹಾಸ್ಟೆಲಿನಲ್ಲಿ ಉಳಿದು ಪಾಸಾದರು. ಅದರಿಂದ ಇವಳಿಗೇನು ಬಂತು.

ಹೇಳಬೇಡಿ ಎಂದು ಅವಳೇ ಅಂದಳಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುವುದುಂಟು. ಆದರೆ ಅವಳು ಹಾಗೆ ಅಂದದ್ದು ಮದುವೆ ಆದ ಮೇಲೆ. ಆ ಶನಿವಾರಕ್ಕೂ ಮದುವೆಗೂ ನಡುವೆ ಎರಡು ತಿಂಗಳ ಮೇಲೆ ಸಮಯವಿತ್ತು. ಗೌಂಡಿ ಅದೇ ಶೆಡ್ಡಿನಲ್ಲಿದ್ದ, ಮಂಚ ಖಾಲಿಯೇ ಇತ್ತು. ಹಡಪಸರದ ಬಸ್ಸು ದಿನಾ ಕಾಲೇಜಿನ ಎದುರಿಗೇ ನಿಲ್ಲುತ್ತಿತ್ತು.