ಎಲ್ಲೋ ಹೂ ಬಿಟ್ಟೈತೆ

ಹೂವಿನ ವಿಷಯದಲ್ಲಿ ನನ್ನ ಮೂಗನ್ನು ನಾನು ವಿಪರೀತ ನಂಬಿದ್ದೆ. ಅರಸೀಕೆರೆಯ ಬಯಲಿಂದ ಹೆಗ್ಗದ್ದೆಗೆ ಸೊಸೆಯಾಗಿ ಬಂದವಳು; ಒಂದು ಸಲ ಕಾಫಿ ಹೂವಿನ ಘಮ ಹೀರಿದ್ದೇ ತಡ, ಮಲೆನಾಡನ್ನೇ ಅರೆದು ಕುಡಿದವಳ ಹಾಗೆ ಮಾತಾಡತೊಡಗಿದೆ.

ನಮ್ಮ ಕಡೆ ಇನ್ನೂ ಮೊಬೈಲು ಬಂದಿರದ ಕಾಲ. ಓರಗಿತ್ತಿ ಗಿರಿಜಕ್ಕನ ಹಸು ಕೆಂಪಿ, ತುಂಬು ಗಬ್ಬದ್ದು, ಮೇಯಲು ಹೋಗಿ ಕಾಡಿನಿಂದ ವಾಪಸು ಬರಲಿಲ್ಲ. ಮೂರು ದಿನದಿಂದ ಗಿರಿಜಕ್ಕ ಅನ್ನ ಮುಟ್ಟಿರಲಿಲ್ಲ. ಹುಡುಕಲು ಹೊರಟವಳ ಜೊತೆ ನಾನೂ ಹೊರಟೆ. ನಿಜ ಹೇಳಬೇಕೆಂದರೆ, ನನ್ನ ಕಣ್ಣಿದ್ದದ್ದು ಮೊದಲ ಮಳೆಗೆ ಎದ್ದ ಹೂಗಳ ಮೇಲೆ. ಎಲೆಯೇ ಇಲ್ಲದೆ ಬರೀ ನೆಲದಿಂದ ಮೂಡಿದ ಭೂಮಿಸಂಪಿಗೆ ಕಂಡಲ್ಲೆಲ್ಲ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಗಿರಿಜಕ್ಕ ಕೆಂಪಿಯ ಕೊರಳಿನ ಮರದ ಗಂಟೆಗೆ ಕಿವಿಗೊಟ್ಟು ಮುಂದೆ ಹೋಗುತ್ತಿದ್ದಳು.

ಹಳ್ಳ ದಾಟಿದ ಮೇಲೆ ಹಕ್ಕಿಗಳ ಸದ್ದಡಗಿತು. ಜೀರುಂಡೆಯೂ ಇಲ್ಲ. ಗಿರಿಜಕ್ಕ ಸೆರಗನ್ನು ಮೂಗಿಗೆ ಹಿಡಿದು ಮೆಲ್ಲಗೆ ಅಂದಳು: "ಎಲ್ಲೋ ಹೂ ಬಿಟ್ಟೈತೆ ಕಣೆ."

"ಎಲ್ಲಕ್ಕ? ಬಾ ನೋಡಣ" ಎಂದು ನಾನು ಸಂಭ್ರಮದಿಂದ ಮುಂದೆ ನುಗ್ಗಿದೆ. ಆಗ ಬಡಿಯಿತು ವಾಸನೆ. ಕೊಳೆತ ಮಾಂಸದ್ದು. ಹುಲಿಯನ್ನು 'ದೊಡ್ಡದು', ಹಾವನ್ನು 'ಹುಳ' ಅನ್ನುವ ಈ ಊರಿನವರು ಕಾಡಿನಲ್ಲಿ ಹೆಣದ ನಾತವನ್ನೂ ಅದರ ಹೆಸರಿನಿಂದ ಕರೆಯುವುದಿಲ್ಲ, 'ಹೂ ಬಿಟ್ಟೈತೆ' ಅನ್ನುತ್ತಾರೆ. ಕರೆದರೆ ಓಗೊಟ್ಟೀತೆಂಬ ಭಯ. ಇದು ನನಗೆ ಹೊಳೆದದ್ದು ಅಲ್ಲಿ ನಿಂತಾಗ.

"ನೀನೇ ಹೋಗಿ ನೋಡ್ಬುಡು. ನನ್ ಕೈಲಾಗಲ್ಲ" ಎಂದು ಗಿರಿಜಕ್ಕ ಬೇರಿನ ಮೇಲೆ ಕುಸಿದಳು.

ನೊಣಗಳ ಗುಂಯ್ ಸದ್ದು ಹಿಡಿದು ಹೋದೆ. ಬಿದಿರುಮೆಳೆಯ ಹಿಂದೆ ಕೆಂಪಿ ಇರಲಿಲ್ಲ. ಇದ್ದದ್ದು ಹೂವೇ! ಕಾಡು ಸುವರ್ಣಗೆಡ್ಡೆಯದು. ಎಲೆಗೆ ಮುಂಚೆ ಹುಟ್ಟಿದ, ಒಣಗಿದ ರಕ್ತದ ಬಣ್ಣದ ದೊಡ್ಡ ಬಟ್ಟಲು; ಅಂಚಿಗೆ ರೇಷ್ಮೆ ಸೀರೆಯಂಥ ನಿರಿಗೆ. ಈ ಹೂವಿಗೆ ಬೇಕಾದದ್ದು ನೊಣ, ಅದಕ್ಕೇ ಈ ಅತ್ತರು. ಕವಿಗಳೆಲ್ಲ ದುಂಬಿಯನ್ನು ಹಾಡಿ ಹೊಗಳಿದರು, ನೊಣದ ಪ್ರೇಮಕ್ಕೆ ಒಂದು ಸಾಲೂ ಸಿಗಲಿಲ್ಲ. ಬಗ್ಗಿ ನೋಡಿದಷ್ಟೂ ಅದು ಚಂದವಾಗಿತ್ತು, ನೋಡಿದಷ್ಟೂ ಮೈ ಜುಮ್ಮೆನ್ನುತ್ತಿತ್ತು.

"ಅಕ್ಕ, ಹೂವೇ ಕಣಕ್ಕ" ಎಂದು ಕೂಗಿದೆ. ಗಿರಿಜಕ್ಕ ಬಂದು ನೋಡಿ, ನಕ್ಕು, ನಗುತ್ತಲೇ ಅತ್ತಳು.

ಅಷ್ಟರಲ್ಲಿ ಮೇಲಿನ ದಿಬ್ಬದಲ್ಲಿ ಮರದ ಗಂಟೆ ಲೊಟಲೊಟ ಅಂದಿತು. "ಕೆಂಪೀ" ಎಂದು ಅವಳು ಕರೆದಳು. ಸದ್ದು ನಿಂತಿತು. ಏದುಸಿರು ಬಿಡುತ್ತ ಹತ್ತಿ ನೋಡಿದೆವು. ಹಸಿ ಮಣ್ಣಿನಲ್ಲಿ ಒಂದು ಗೊರಸಿನ ಗುರುತೂ ಇರಲಿಲ್ಲ.

ಕೆಂಪಿ ಬರಲೇ ಇಲ್ಲ. ಈಗಲೂ ಮೊದಲ ಮಳೆ ಬಿದ್ದು, ಕಾಡಿನ ಕಡೆಯಿಂದ ಗಾಳಿ ತಿರುಗಿದಾಗ ಗಿರಿಜಕ್ಕ ಹಿತ್ತಲಲ್ಲಿ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ. "ಎಲ್ಲೋ ಹೂ ಬಿಟ್ಟೈತಲ್ವೇನೆ?"

"ಹೂವೇ ಕಣಕ್ಕ" ಎನ್ನುತ್ತೇನೆ. ಹೋಗಿ ನೋಡುವುದಿಲ್ಲ. ಮೂಗನ್ನು ನಂಬುವುದನ್ನು ನಾನು ಬಿಟ್ಟು ಬಹಳ ದಿನವಾಯಿತು.