ನಕ್ಷೆಯಲ್ಲಿ ಒಂದು ಬೇವಿನ ಗಿಡ

ಸಿಂಧನೂರಿನಲ್ಲಿ ಬೋರ್ಡು ಬರೆದು ಹೊಟ್ಟೆ ಹೊರೆದವನು ನಾನು. ಕಿರಾಣಿ ಅಂಗಡಿ, ರೈಸ್ ಮಿಲ್ಲು, ಟ್ರ್ಯಾಕ್ಟರಿನ ಹಿಂಬದಿ, ಯಾವುದು ಸಿಕ್ಕರೂ ಬರೆಯುತ್ತಿದ್ದೆ. ಒಂದಕ್ಷರ ಸೊಟ್ಟಗಾದರೂ ಅಂದು ನನಗೆ ಊಟ ಸೇರುತ್ತಿರಲಿಲ್ಲ. ಅಕ್ಷರವನ್ನು ಕಣ್ಣೆತ್ತಿಯೂ ನೋಡದೆ ಬಣ್ಣ ಇನ್ನಷ್ಟು ಝಗಮಗ ಇರಲಿ ಎನ್ನುವ ಮಾಲೀಕರನ್ನು ಕಂಡರೆ ಮೈ ಉರಿಯುತ್ತಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಹೊಸ ನಮೂನೆಯ ಕೆಲಸ ಬಂತು. ಮಸ್ಕಿ ರಸ್ತೆಯಲ್ಲಿದ್ದ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ ಸಾಹೇಬರೊಬ್ಬರು ತಪಾಸಣೆಗೆ ಬಂದಿದ್ದರು. ಬೆಂಕಿ ಬಿದ್ದರೆ ಒಳಗಿದ್ದವರು ಯಾವ ದಾರಿ ಹಿಡಿದು ಹೊರಗೆ ಓಡಬೇಕು ಎಂಬ ನಕ್ಷೆ ಗೋಡೆಯ ಮೇಲೆ ಇರಲೇಬೇಕೆಂದು ತಾಕೀತು ಮಾಡಿ ಹೋದರು. ಮಿಲ್ಲಿನ ಸಾವ್ಕಾರರು ನನ್ನನ್ನು ಕರೆಸಿದರು.

ಆ ಮಿಲ್ಲಿನಲ್ಲಿ ನನ್ನ ಅಕ್ಕ ಹತ್ತಿ ಆರಿಸುತ್ತಿದ್ದಳು. ಅವಳನ್ನು ಮುಕ್ಕುಂದಕ್ಕೆ ಕೊಟ್ಟಿದ್ದೆವು. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಲಿಲ್ಲ. ಕೊನೆಗೆ ಬಸುರಾದಳು, ಆದರೆ ಕೂಸು ಹುಟ್ಟುವ ಮೊದಲೇ ಗಂಡ ಜ್ವರ ಬಂದು ತೀರಿಕೊಂಡ. ಹೆಣ್ಣು ಕೂಸನ್ನು ಎತ್ತಿಕೊಂಡು ನನ್ನ ಮನೆಗೆ ಬಂದಳು. ಅವಳಿಗೆ ಉಳಿದಿದ್ದು ಅದೊಂದೇ. ಯಾರಾದರೂ ಕೂಸು ದುಂಡಗಿದೆ ಎಂದರೆ ಸಾಕು, ದೃಷ್ಟಿ ತೆಗೆಯುವ ತನಕ ನೀರೂ ಮುಟ್ಟುತ್ತಿರಲಿಲ್ಲ.

"ಅಕ್ಕಾ, ದಿನಾ ಹಿಂಗ ಮೆಣಸಿನಕಾಯಿ ಸುಟ್ಟರ ಸಾರಿಗೆ ಏನ್ ಹಾಕ್ತೀ?" ಎಂದು ಕಾಡಿಸುತ್ತಿದ್ದೆ.

"ನಿನಗೇನ್ ಗೊತ್ತಾಗ್ತದ, ಸುಮ್ನಿರು" ಎನ್ನುತ್ತಿದ್ದಳು.

ನಕ್ಷೆ ಬರೆಯುವ ಮೊದಲು ಮಿಲ್ಲಿನೊಳಗೆಲ್ಲ ಅಡ್ಡಾಡಿ ನೋಡಿದೆ. ಉದ್ದನೆಯ ಹಜಾರ, ನಡುವೆ ಯಂತ್ರಗಳ ಸಾಲು, ಎರಡೂ ಬದಿಗೆ ಹತ್ತಿಯ ರಾಶಿ. ಒಂದು ಬಾಗಿಲು ರಸ್ತೆ ಕಡೆಗೆ, ಇನ್ನೊಂದು ಕಾಲುವೆ ಕಡೆಗೆ. ಒಂದರಿಂದ ಹೊರಬಿದ್ದವರಿಗೆ ಇನ್ನೊಂದರಿಂದ ಬಂದವರು ಕಾಣುತ್ತಿರಲಿಲ್ಲ, ನಡುವೆ ಇಡೀ ಮಿಲ್ಲೇ ಅಡ್ಡ. ಒಳಗಿನ ಮೂಲೆಯ ಪಡಸಾಲೆಯಲ್ಲಿ ತೊಲೆಗಳಿಗೆ ಹಳೆಯ ಸೀರೆಗಳ ಜೋಳಿಗೆ ಕಟ್ಟಿ ಹೆಂಗಸರು ತಮ್ಮ ಕೂಸುಗಳನ್ನು ಮಲಗಿಸುತ್ತಿದ್ದರು. ಯಾವ ಕೂಸು ಅತ್ತರೂ ಹತ್ತಿರ ಇದ್ದವಳು ಎದ್ದು ತೂಗುತ್ತಿದ್ದಳು, ಎದೆಯಲ್ಲಿ ಹಾಲಿದ್ದರೆ ಕುಡಿಸಿಬಿಡುತ್ತಿದ್ದಳು. ಕೂಸು ಯಾರದೆಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ನಾನು ತಗಡಿನ ಮೇಲೆ ಬಿಳಿ ಬಣ್ಣ ಬಳಿದು, ದಾರ ಹಿಡಿದು ಗೆರೆ ಹಾಕಿ, ಬಾಗಿಲಿಗೆ ಹಸಿರು, ದಾರಿಗೆ ಕೆಂಪು ಬಾಣ ಎಂದು ಗುರುತು ಮಾಡಿಕೊಂಡೆ. ಮೂಲೆಯಲ್ಲಿ ಜೋಳಿಗೆಗಳನ್ನೂ ಬರೆಯಲು ಹೋದಾಗ ಸಾವ್ಕಾರರು ತಡೆದರು.

"ಜೋಳಿಗಿ ಬರೀಬ್ಯಾಡಪಾ. ಮಿಲ್ಲಿನ್ಯಾಗ ಕೂಸು ಅದಾವ ಅಂತ ಸಾಹೇಬ್ರಿಗೆ ನಾವ ಹೇಳಿ ಕೊಟ್ಟಂಗ ಆಕ್ಕತಿ."

"ಅದಾವಲ್ರೀ ಮತ್ತ" ಎಂದೆ.

"ಅದಾವ. ಖರೇ ಐತಿ. ಆದ್ರ ಬರೀಬ್ಯಾಡ."

ಹೀಗಾಗಿ ಆ ಮೂಲೆ ಬೆಳ್ಳಗೆ ಖಾಲಿ ಉಳಿಯಿತು. ಉಳಿದಂತೆ ನಕ್ಷೆ ಚೆನ್ನಾಗಿಯೇ ಬಂದಿತ್ತು. ತಕ್ಕಡಿಯ ಹತ್ತಿರ, ದೇವರ ಫೋಟೋಗಳ ಪಕ್ಕದಲ್ಲಿ ಅದನ್ನು ಮೊಳೆ ಹೊಡೆದು ಕೂರಿಸಿದರು.

ದೀಪಾವಳಿಗೆ ಮಿಲ್ಲಿನಲ್ಲಿ ಲಕ್ಷ್ಮೀಪೂಜೆ. ಯಂತ್ರ, ತಕ್ಕಡಿ, ಬಾಗಿಲು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಕುಂಕುಮ ಹಚ್ಚುವುದು ರೂಢಿ. ದೇವರ ಸಾಲಿನಲ್ಲಿ ಇದ್ದದ್ದರಿಂದ ನನ್ನ ನಕ್ಷೆಗೂ ಚೆಂಡುಹೂವಿನ ಹಾರ ಬಿತ್ತು. ಬಾಣಗಳೆಲ್ಲ ಹೂವಿನ ಹಿಂದೆ ಅಡಗಿದವು. ನಾನು ಗೊಣಗುತ್ತ ಹಾರ ಸರಿಸುವಾಗ ಅಕ್ಕ ಕುಂಕುಮದ ಬಟ್ಟಲು ಹಿಡಿದು ಬಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ತಮ್ಮಾ, ಇದ್ರಾಗ ನಾವು ಎಲ್ಲಿ ಅದೀವಿ?"

"ಇಲ್ಲಿ. ಈ ಕೆಂಪು ಬಾಣ ನೋಡ್ಕೋತ ಹೋದ್ರ ಬಾಗಲಾ ಬರ್ತದ."

"ಕೂಸುಗಳು ಎಲ್ಲಿ ಅದಾವ?"

ಖಾಲಿ ಮೂಲೆಯನ್ನು ತೋರಿಸಿದೆ.

"ಬಾಣ ಹೊರಗ ಹೊಂಟೈತಿ, ಕೂಸು ಒಳಗ ಅದಾವ. ಯಾವ ತಾಯಿ ಇದನ್ನ ಹಿಡದು ಹೋಗ್ತಾಳಪ್ಪಾ?" ಎಂದು ಬೆರಳನ್ನು ಕುಂಕುಮದಲ್ಲಿ ಅದ್ದಿ ಆ ಮೂಲೆಯಲ್ಲಿ ಒತ್ತಿದಳು.

ಅಷ್ಟು ನಯವಾಗಿ ಬಳಿದ ಬಿಳಿ ಕೆಟ್ಟಿತಲ್ಲ ಎಂದು ನನಗೆ ಸಿಟ್ಟು ಬಂತು. ಪೂಜೆಯ ಕುಂಕುಮ, ಒರೆಸುವ ಧೈರ್ಯ ಆಗಲಿಲ್ಲ. ಅದು ಹಾಗೇ ಉಳಿಯಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ಹತ್ತಿಯೊಳಗೆ ಸೇರಿದ್ದ ಕಲ್ಲೋ ಕಬ್ಬಿಣದ ಚೂರೋ ಯಂತ್ರಕ್ಕೆ ಸಿಕ್ಕಿ ಕಿಡಿ ಹಾರಿತು. ನಾನು ಆಗ ದಢೇಸುಗೂರಿನಲ್ಲಿ ಯಾರದೋ ಬೋರ್ಡು ಬರೆಯುತ್ತಿದ್ದೆ. ಸುದ್ದಿ ಕೇಳಿ ಬಂದು ತಲುಪುವಷ್ಟರಲ್ಲಿ ಮಿಲ್ಲಿನ ಮೇಲೆ ಹೊಗೆ ಕವಿದಿತ್ತು. ಒಳಗೆ ಏನಾಯಿತೆಂದು ಆಮೇಲೆ ಹೆಂಗಸರು ಹೇಳಿದರು. ಒಬ್ಬಳೂ ಬಾಣ ನೋಡಲಿಲ್ಲ. ಎಲ್ಲರೂ ಪಡಸಾಲೆಗೇ ಓಡಿದರು. ಯಾರ ಕೂಸೆಂದು ನೋಡದೆ ಒಬ್ಬೊಬ್ಬಳೂ ಹತ್ತಿರದ ಜೋಳಿಗೆಯಿಂದ ಸಿಕ್ಕ ಕೂಸನ್ನು ಎತ್ತಿಕೊಂಡು ಹೊರಬಿದ್ದಳು. ಅರ್ಧ ಮಂದಿ ರಸ್ತೆ ಕಡೆಗೆ, ಅರ್ಧ ಮಂದಿ ಕಾಲುವೆ ಕಡೆಗೆ. ಒಳಗೆ ಒಂದು ಕೂಸೂ ಉಳಿಯಲಿಲ್ಲ. ನಕ್ಷೆಯಿಂದ ಆಗದ ಕೆಲಸ ಅವರ ರೂಢಿಯಿಂದ ಆಗಿತ್ತು.

ಅಕ್ಕ ಪಡಸಾಲೆಯಿಂದ ದೂರ, ಹಜಾರದ ಇನ್ನೊಂದು ತುದಿಯಲ್ಲಿದ್ದಳು. ಅವಳು ಬರುವಷ್ಟರಲ್ಲಿ ಅವಳ ಜೋಳಿಗೆ ಬರಿದಾಗಿತ್ತು. ಎಲ್ಲ ಕೂಸುಗಳನ್ನೂ ಒಯ್ದಿದ್ದಾರೆ ಎಂದು ಯಾರೋ ಕೂಗಿದರು. ಕೂಗು ಕೇಳಿ ಕಾಲುವೆ ಕಡೆಯ ಬಾಗಿಲಿನಿಂದ ಹೊರಗೆ ಬಂದಳು. ಅಲ್ಲಿದ್ದ ಹೆಂಗಸರ ಕೈಗಳನ್ನೆಲ್ಲ ಹುಡುಕಿ ನೋಡಿದಳು. ಒಬ್ಬೊಬ್ಬರ ಸೆರಗು ಸರಿಸಿ ಕೂಸಿನ ಮುಖ ನೋಡಿದಳಂತೆ. ತನ್ನದು ಅಲ್ಲಿರಲಿಲ್ಲ. ಜೋಳಿಗೆಯಿಂದ ಜಾರಿ ಹತ್ತಿಯ ರಾಶಿಯೊಳಗೆ ಬಿದ್ದಿರಬೇಕು ಎಂದು ಅವಳ ಮನಸ್ಸಿಗೆ ಬಂತು. ಹಿಡಿಯಲು ಹೋದವರ ಕೈ ಕೊಡವಿಕೊಂಡು ಮತ್ತೆ ಒಳಗೆ ಹೋದಳು.

ಗಂಡಸರು ಅವಳನ್ನು ಹೊರಗೆ ತಂದರು. ರಸ್ತೆ ಕಡೆಯವರ ಕೈಯಲ್ಲಿ ಕ್ಷೇಮವಾಗಿದ್ದ ಕೂಸನ್ನು ರಾಯಚೂರಿನ ಆಸ್ಪತ್ರೆಯಲ್ಲಿ ಅವಳ ಕಣ್ಣ ಮುಂದೆ ಹಿಡಿದೆ. ಗುರುತು ಹಿಡಿದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಹಿಡಿದಳು ಎಂದೇ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮರುದಿನ ಹೋಗಿಬಿಟ್ಟಳು.

ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು, ಅದೂ ಅವಳ ಮೇಲೆ. ಮಿಲ್ಲನ್ನು ಸುತ್ತು ಹಾಕಿ ರಸ್ತೆ ಕಡೆ ಒಮ್ಮೆ ನೋಡಿ ಬರಲು ಏನಾಗಿತ್ತು ಇವಳಿಗೆ ಎಂದು ಹಲ್ಲು ಕಡಿಯುತ್ತಿದ್ದೆ. ದಿನಕರ್ಮದ ಹೊತ್ತಿಗೆ ನಮ್ಮ ಓಣಿಯ ಹೆಂಗಸೊಬ್ಬಳು ಬಂದು ಬಾಗಿಲ ಬಳಿ ಕುಳಿತಳು. ಕೂಸನ್ನು ಎತ್ತಿಕೊಂಡು ಬಂದವಳು ಅವಳೇ.

"ನಾ ರಸ್ತೆ ಕಡಿ ಬೇವಿನ ಗಿಡದ ಬುಡಕ ನಿಂತಿದ್ದೆ ರೀ" ಎಂದಳು. "ಕೂಸು ಅಳಾಕತ್ತಿತ್ತು. ನಿಮ್ಮಕ್ಕ ಈಗ ಬರ್ತಾಳ, ಈಗ ಬರ್ತಾಳ ಅಂತ ಅಲ್ಲಿಂದ ಕದಲಲಿಲ್ಲ."

ಅವಳು ಅತ್ತಳು. ನಾನೂ ಅತ್ತೆ. ಅಕ್ಕನ ಮೇಲಿನ ಸಿಟ್ಟು ಅವತ್ತಿಗೆ ಇಳಿಯಿತು. ಹೊರಗೆ ಬಂದವರು ಎಲ್ಲಿ ಕೂಡಬೇಕೆಂದು ನನ್ನ ನಕ್ಷೆಯಲ್ಲಿ ಇರಲಿಲ್ಲವಲ್ಲ ಎಂಬುದು ಅದರ ಜಾಗದಲ್ಲಿ ಬಂದು ಕುಳಿತಿತು, ಇನ್ನೂ ಎದ್ದು ಹೋಗಿಲ್ಲ.

ಮುಂದೆ ತೊಂಬತ್ತರ ದಶಕದಲ್ಲಿ ಇಂಥ ನಕ್ಷೆಗಳ ಕೆಲಸ ಆಗಾಗ ಬರುತ್ತಿತ್ತು. ಮಸ್ಕಿಯಲ್ಲಿ ಗೋದಾಮು, ಲಿಂಗಸುಗೂರಿನಲ್ಲಿ ಕಚೇರಿಗಳು. ಎಲ್ಲಿಗೆ ಹೋದರೂ ನಾನು ಮೊದಲು ಹೊರಗಿನ ಅಂಗಳ ನೋಡುತ್ತಿದ್ದೆ. ಯಾವ ಬಾಗಿಲಿನಿಂದ ಬಂದರೂ ಕಾಣುವಂಥ ಒಂದು ಜಾಗ ಹುಡುಕಿ, ನಕ್ಷೆಯಲ್ಲಿ ಅಲ್ಲೊಂದು ಬೇವಿನ ಗಿಡ ಬರೆದು, ಎಲ್ಲ ಬಾಣಗಳನ್ನೂ ಅದರ ಬುಡಕ್ಕೆ ತಂದು ನಿಲ್ಲಿಸುತ್ತಿದ್ದೆ. ಲಿಂಗಸುಗೂರಿನ ಒಬ್ಬ ಅಧಿಕಾರಿ ನಕ್ಕರು.

"ಇಲ್ಲಿ ಗಿಡ ಎಲ್ಲೈತೋ ಮಾರಾಯಾ? ಹೊರಗ ಬಂದ ಮಂದಿ ತಮ್ಮ ತಮ್ಮ ಮನಿಗೆ ಹೋಗ್ತಾರ ಬಿಡು."

"ಯಾರು ಬಂದಾರ, ಯಾರು ಬಂದಿಲ್ಲ ಅನ್ನೋದು ಮತ್ತೊಬ್ಬರಿಗೆ ಹೆಂಗ ಗೊತ್ತಾಗಬೇಕ್ರೀ?" ಎಂದೆ. ದನಿ ತುಸು ಏರಿತ್ತು.

ಅಕ್ಕನ ಮಗಳು ನನ್ನ ಮನೆಯಲ್ಲೇ ಬೆಳೆದಳು. ಅವಳಿಗೆ ಎಲ್ಲವನ್ನೂ ಹೇಳಿದ್ದೆವು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ಸಂಜೆ, ಅಂಗಳದಲ್ಲಿ ಒಣಗಲು ಇಟ್ಟಿದ್ದ ನಕ್ಷೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದಳು.

"ಮಾಮಾ, ಗಿಡದ ಬುಡಕ ಯಾರನ್ನೂ ಬರದೇ ಇಲ್ಲಲ್ಲ?"

"ಇನ್ನಾ ಬರಬೇಕವ್ವಾ" ಎಂದೆ.

ಕತ್ತಲಾಗಿ ಒಳಗೆ ಕರೆಯುವ ತನಕ ಅವಳು ಆ ಗಿಡದ ಮುಂದೆಯೇ ಕುಳಿತಿದ್ದಳು.